ಈಶಾನ್ಯ ಮೂಲೆಯ ಉಲ್ಕಾವರ್ಷ

ದಾವಣಗೆರೆ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಬೆಣ್ಣೆದೋಸೆ, ಖಾರಮಂಡಕ್ಕಿ ಮತ್ತು ಒಂದು ಕಾಲದ ಹತ್ತಿ ಗಿರಣಿಗಳು. ನಕ್ಷತ್ರ ನೋಡಲೆಂದು ಈ ಊರಿಗೆ ಯಾರೂ ಬರುವುದಿಲ್ಲ. ಆದರೂ ಡಿಸೆಂಬರ್ ತಿಂಗಳ ಎರಡನೆಯ ವಾರದಲ್ಲಿ ಪಿ.ಜೆ. ಬಡಾವಣೆಯ ಹಳೆಯ ಮನೆಯೊಂದರ ಹಿತ್ತಲಲ್ಲಿ ಒಂದು ಚಾಪೆ ಹಾಸುವಷ್ಟು ಜಾಗ ಉಳಿದಿದ್ದರೆ, ವರ್ಷದ ಅತಿ ಸಮೃದ್ಧ ಉಲ್ಕಾವರ್ಷವನ್ನು ಮಲಗಿದಲ್ಲಿಂದಲೇ ನೋಡಬಹುದು. ಟಿಕೆಟ್ಟಿಲ್ಲ, ದೂರದರ್ಶಕ ಬೇಡ. ಬೇಕಾದದ್ದು ಒಂದು ದಪ್ಪ ಕಂಬಳಿ, ಸೊಳ್ಳೆಗಳಿಂದ ಒಂದಿಷ್ಟು ರಕ್ಷಣೆ, ಮತ್ತು ಅರ್ಧ ಗಂಟೆ ಸುಮ್ಮನಿರುವ ತಾಳ್ಮೆ. ಕೊನೆಯದೇ ಕಷ್ಟದ್ದು.

ಜೆಮಿನಿಡ್ಸ್ ಎಂದು ಖಗೋಳ ವಿಜ್ಞಾನಿಗಳು ಕರೆಯುವ ಈ ಉಲ್ಕೆಗಳು ಮಿಥುನ ರಾಶಿಯ ಕಡೆಯಿಂದ ಬರುವಂತೆ ಕಾಣುತ್ತವೆ. ಆ ರಾಶಿಯ ಎರಡು ಅವಳಿ ನಕ್ಷತ್ರಗಳು ನಮ್ಮ ಪಂಚಾಂಗದ ಪುನರ್ವಸು. ಗುರುತಿಸುವುದು ಕಷ್ಟವಲ್ಲ. ರೋಹಿಣಿ, ಮೃಗಶಿರ ಗೊತ್ತಿದ್ದವರು ಅಲ್ಲಿಂದ ಸ್ವಲ್ಪ ಎಡಕ್ಕೆ, ಕೆಳಕ್ಕೆ ಕಣ್ಣು ಸರಿಸಿದರೆ ಸಾಕು. ಒಂದರ ಪಕ್ಕ ಒಂದು, ಹೆಚ್ಚುಕಡಿಮೆ ಸಮನಾದ ಎರಡು ಚುಕ್ಕಿ. ದಾವಣಗೆರೆಯ ಅಕ್ಷಾಂಶ, ರೇಖಾಂಶಗಳನ್ನಿಟ್ಟು ಲೆಕ್ಕ ಹಾಕಿದರೆ, ಡಿಸೆಂಬರ್ 14ರ ಸುಮಾರಿಗೆ ಉಲ್ಕೆಗಳ ಈ ಮೂಲಬಿಂದು ರಾತ್ರಿ ಏಳೂಮುಕ್ಕಾಲಕ್ಕೆ ಹುಟ್ಟುತ್ತದೆ. ಎರಡೂವರೆಯ ಹೊತ್ತಿಗೆ ಎಲ್ಲಕ್ಕಿಂತ ಎತ್ತರಕ್ಕೆ, ಬಹುಮಟ್ಟಿಗೆ ನೆತ್ತಿಗೇ ಬಂದಿರುತ್ತದೆ. ಹುಟ್ಟುವ ದಿಕ್ಕು ಯಾವುದೆನ್ನುತ್ತೀರಿ? ಸಾಕ್ಷಾತ್ ಈಶಾನ್ಯ. ವಾಸ್ತುವಿನ ಹೆಸರಿನಲ್ಲಿ ಹಿರಿಯರು ಈಶಾನ್ಯ ಮೂಲೆಯನ್ನು ತೆರವಾಗಿಟ್ಟು, ಅಲ್ಲಿ ಬಾವಿಯನ್ನೋ ನೀರಿನ ತೊಟ್ಟಿಯನ್ನೋ ಮಾಡಿಸಿದ್ದರೆ, ವಾಸ್ತು ನಂಬದವರೂ ಇದೊಂದು ರಾತ್ರಿಯ ಮಟ್ಟಿಗೆ ಅವರನ್ನು ನೆನೆಯಬೇಕು.

ಉಲ್ಕೆ ಎಂದರೆ ಬೀಳುವ ನಕ್ಷತ್ರವಲ್ಲ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಅದು ಎಷ್ಟು ಚಿಕ್ಕದು ಎಂಬುದು ದೊಡ್ಡವರಿಗೂ ಹೊಳೆದಿರುವುದಿಲ್ಲ. ಮರಳಿನ ಕಣ, ಹೆಚ್ಚೆಂದರೆ ಬಟಾಣಿ ಕಾಳು. ಅಷ್ಟು ಸಣ್ಣ ವಸ್ತು ಸೆಕೆಂಡಿಗೆ 35 ಕಿಲೋಮೀಟರ್ ವೇಗದಲ್ಲಿ ವಾತಾವರಣಕ್ಕೆ ನುಗ್ಗಿ, ನೆಲದಿಂದ ಸುಮಾರು ನೂರು ಕಿಲೋಮೀಟರ್ ಎತ್ತರದಲ್ಲಿ ಉರಿದು ಬೂದಿಯಾಗುತ್ತದೆ. ಆ ವೇಗಕ್ಕೆ ದಾವಣಗೆರೆಯಿಂದ ಹರಿಹರ ಅರ್ಧ ಸೆಕೆಂಡಿನ ದಾರಿ. ಈ ಕಣಗಳಲ್ಲಿ ಯಾವುದೂ ನೆಲಕ್ಕೆ ತಲುಪುವುದಿಲ್ಲ. 1865ರಲ್ಲಿ ಮದ್ದೂರಿನ ಬಳಿ, ಮರುವರ್ಷ ಉಡುಪಿಯ ಬಳಿ ಬಿದ್ದ ಉಲ್ಕಾಶಿಲೆಗಳ ಜಾತಿಯೇ ಬೇರೆ. ಅವು ಮಳೆಯ ಹನಿಗಳಲ್ಲ, ಒಂಟಿ ಬಂಡೆಗಳು. ಆದ್ದರಿಂದ ಹಿತ್ತಲಲ್ಲಿ ಮಲಗಿದವರು ತಲೆಯ ಬಗ್ಗೆ ಚಿಂತಿಸಬೇಕಾದದ್ದು ತೆಂಗಿನಕಾಯಿಯ ದೆಸೆಯಿಂದ ಮಾತ್ರ.

ಚುಕ್ಕಿ ಬಿದ್ದರೆ ಯಾರೋ ಹೋದರು ಎನ್ನುವ ಅಜ್ಜಿಯರ ಮಾತಿಗೆ ಹಿಂದೆ ಬಲವಾದ ಬೆಂಬಲವಿತ್ತು. ಆರನೆಯ ಶತಮಾನದ ವರಾಹಮಿಹಿರ ತನ್ನ ‘ಬೃಹತ್ಸಂಹಿತೆ’ಯಲ್ಲಿ ಉಲ್ಕೆಗಳಿಗೇ ಒಂದು ಅಧ್ಯಾಯ ಮೀಸಲಿಟ್ಟು, ಧಿಷ್ಣ್ಯಾ, ಉಲ್ಕಾ, ಅಶನಿ, ವಿದ್ಯುತ್, ತಾರಾ ಎಂದು ಐದು ಬಗೆ ಮಾಡಿ, ಅವುಗಳ ಫಲ ಹೇಳಿದ್ದಾನೆ. ಫಲವನ್ನು ಬದಿಗಿಟ್ಟು ವಿಂಗಡಣೆಯನ್ನಷ್ಟೇ ನೋಡಿದರೆ, ಆತ ರಾತ್ರಿಗಳನ್ನು ಆಕಾಶದ ಕೆಳಗೆ ಕಳೆದವನೆಂದು ಒಪ್ಪಲೇಬೇಕು. ಮಿಥುನದ ಈ ಉಲ್ಕಾವರ್ಷವಾದರೋ ಹೊಸದು. ಹೊಯ್ಸಳ ದಂಡನಾಯಕ ಪೋಲಾಳ್ವ ಹರಿಹರದಲ್ಲಿ ಹರಿಹರೇಶ್ವರನ ಗುಡಿ ಕಟ್ಟಿಸಿದ್ದು 1224ರಲ್ಲಿ. ಈ ಉಲ್ಕೆಗಳು ದಾಖಲೆಗೆ ಬಂದದ್ದು ಆರು ಶತಮಾನ ಕಳೆದು, 1862ರಲ್ಲಿ. ಆಗ ಗಂಟೆಗೆ ಹದಿನೈದೋ ಇಪ್ಪತ್ತೋ ಕಾಣುತ್ತಿದ್ದವು. ಈಗ ಕಗ್ಗತ್ತಲ ಬಯಲಿನಲ್ಲಿ ನೂರನ್ನು ದಾಟುವುದುಂಟು.

ಇವುಗಳ ತಾಯಿ ಯಾರೆಂಬುದು ಬಹುಕಾಲ ತಿಳಿದಿರಲಿಲ್ಲ. ಸಾಮಾನ್ಯವಾಗಿ ಉಲ್ಕಾವರ್ಷಕ್ಕೆ ಧೂಮಕೇತು ಕಾರಣ. ಅದು ಬಾಲದಿಂದ ಚೆಲ್ಲಿ ಹೋದ ಧೂಳಿನ ಹಾದಿಯನ್ನು ಭೂಮಿ ವರ್ಷಕ್ಕೊಮ್ಮೆ ದಾಟುತ್ತದೆ. ಇಲ್ಲಿ ಮಾತ್ರ ಧೂಮಕೇತು ಸಿಗಲಿಲ್ಲ. 1983ರ ಅಕ್ಟೋಬರ್‌ನಲ್ಲಿ ಐರಾಸ್ ಎಂಬ ಉಪಗ್ರಹ ಕಳಿಸಿದ ಚಿತ್ರಗಳಲ್ಲಿ ಒಂದು ಕ್ಷುದ್ರಗ್ರಹ ಕಂಡಿತು. ಅದರ ಹಾದಿಯೂ ಉಲ್ಕೆಗಳ ಹಾದಿಯೂ ಒಂದೇ ಎಂದು ಫ್ರೆಡ್ ವಿಪಲ್ ಗುರುತಿಸಿದರು. ಗ್ರೀಕ್ ಪುರಾಣದಲ್ಲಿ ಸೂರ್ಯನ ರಥ ಓಡಿಸಲು ಹೋಗಿ ಕೆಟ್ಟ ಹುಡುಗ ಫೇಥಾನ್‌ನ ಹೆಸರನ್ನು ಅದಕ್ಕೆ ಇಟ್ಟಿದ್ದಾರೆ. ಹೆಸರು ಒಪ್ಪುವಂಥದ್ದೇ. ಐದಾರು ಕಿಲೋಮೀಟರ್ ಅಗಲದ ಈ ಬಂಡೆ ಸುಮಾರು ಹದಿನೇಳು ತಿಂಗಳಿಗೊಮ್ಮೆ ಸೂರ್ಯನಿಂದ ಎರಡು ಕೋಟಿ ಕಿಲೋಮೀಟರ್‌ಗಿಂತ ತುಸು ಹೆಚ್ಚಿನ ದೂರದವರೆಗೆ, ಎಂದರೆ ಬುಧಗ್ರಹಕ್ಕಿಂತ ಎಷ್ಟೋ ಒಳಗೆ ಹೋಗಿ, ಸುಟ್ಟುಕೊಂಡು ಬರುತ್ತದೆ. ಬಂಡೆಯೊಂದು ಇಷ್ಟೊಂದು ಧೂಳನ್ನು ಹೇಗೆ, ಯಾವಾಗ ಉದುರಿಸಿತು ಎಂಬ ಬಗ್ಗೆ ವಿಜ್ಞಾನಿಗಳ ಚರ್ಚೆ ಇನ್ನೂ ಮುಗಿದಿಲ್ಲ.

ಇನ್ನು ಹಿತ್ತಲಿಗೆ ಬರೋಣ. ರಾಂ ಅಂಡ್ ಕೋ ವೃತ್ತದ ತಿಂಡಿ ಗಾಡಿಗಳು ಒಲೆ ಆರಿಸಿ ಮನೆಗೆ ಹೋದ ಮೇಲೆ ಬಡಾವಣೆಯ ನೇರ ರಸ್ತೆಗಳು ನಿಶ್ಶಬ್ದವಾಗುತ್ತವೆ, ಕತ್ತಲಾಗುವುದಿಲ್ಲ. ಎಲ್ಲ ಊರುಗಳಂತೆ ಇಲ್ಲಿಯೂ ಬಿಳಿ ಬೆಳಕಿನ ಎಲ್‌ಇಡಿ ದೀಪಗಳು, ಅಂಗಡಿಗಳ ಫಲಕಗಳು, ಗೇಟುಗಳ ಮೇಲೆ ಕಳ್ಳರಿಗಾಗಿ ಹಾಕಿದ ಬಲ್ಬುಗಳು ರಾತ್ರಿಯಿಡೀ ಆಕಾಶಕ್ಕೆ ಸುಣ್ಣ ಬಳಿಯುತ್ತವೆ. ಕೆ.ಇ.ಬಿ. ಕಾಲದ ವಿದ್ಯುತ್ ಕಡಿತವನ್ನು ಬೈಯದವರಿರಲಿಲ್ಲ. ಆ ಕಡಿತ ಬಡಾವಣೆಗೆಲ್ಲ ನಕ್ಷತ್ರಗಳನ್ನು ಪುಕ್ಕಟೆ ಹಂಚುತ್ತಿತ್ತು ಎಂಬುದನ್ನು ಆಗ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಚಳಿಯ ರಾತ್ರಿ ಮಂಡಕ್ಕಿ ಭಟ್ಟಿಗಳ ಹೊಗೆ ಮೇಲೇರದೆ ತೆಳ್ಳಗೆ ಹರಡಿಕೊಂಡರೆ ಇನ್ನಷ್ಟು ಚುಕ್ಕಿಗಳು ಮಾಯ. ಇಂಥ ಆಕಾಶದಲ್ಲಿ, ಸುತ್ತ ಗೋಡೆ ಮರಗಳ ಅಡ್ಡಿಯನ್ನೂ ಕಳೆದರೆ, ನಡುರಾತ್ರಿಯ ನಂತರ ಗಂಟೆಗೆ ಹತ್ತು ಹದಿನೈದು ಉಲ್ಕೆ ಕಂಡರೆ ಹೆಚ್ಚು.

ಅದೇನು ಕಡಿಮೆಯೆ? ನಾಲ್ಕೈದು ನಿಮಿಷಕ್ಕೊಂದು ಗೆರೆ. ಕಣ್ಣು ಕತ್ತಲಿಗೆ ಹೊಂದಲು ಇಪ್ಪತ್ತು ನಿಮಿಷವಾದರೂ ಬೇಕು. ನಡುವೆ ಒಮ್ಮೆ ಮೊಬೈಲ್ ತೆರೆದರೆ ಮತ್ತೆ ಮೊದಲಿನಿಂದ. ಪುನರ್ವಸುವನ್ನೇ ದಿಟ್ಟಿಸಬೇಕಿಲ್ಲ, ದೀಪಕ್ಕೆ ಬೆನ್ನು ಮಾಡಿ ಅತಿ ಕಪ್ಪಾದ ಕಡೆಗೆ ನೋಡಬೇಕು. ಬೀಳುವ ಉಲ್ಕೆಗೆ ಊರು ಹೆಸರಿಡುವುದು ಮಕ್ಕಳಿಗೆ ಒಳ್ಳೆಯ ಆಟ. ನೆತ್ತಿಯ ಮೇಲೆ ಮಿಂಚಿದ್ದು ದಾವಣಗೆರೆಯದು. ಆಗ್ನೇಯಕ್ಕೆ ತುಸು ವಾಲಿದ್ದು ಚಿತ್ರದುರ್ಗದ ಕೋಟೆಯ ಮೇಲಿನದು. ನೈರುತ್ಯಕ್ಕೆ ಹೆಚ್ಚುಕಡಿಮೆ ಅಷ್ಟೇ ಇಳಿದರೆ ಶಿವಮೊಗ್ಗ. ಉತ್ತರಕ್ಕೆ, ಕೊಂಚ ಬಲಕ್ಕೆ, ದಿಗಂತ ಮತ್ತು ನೆತ್ತಿಯ ನಡುವೆ ಅರ್ಧಕ್ಕಿಂತ ಸ್ವಲ್ಪ ಕೆಳಗೆ ಕಂಡದ್ದು ಹಂಪಿಯ ಮೇಲೆ ಉರಿದದ್ದು. ಒಂದು ಚಾಪೆಯ ಮೇಲಿಂದ ನಾಲ್ಕು ಜಿಲ್ಲೆಗಳ ಆಕಾಶ!

ಇಷ್ಟಕ್ಕೆ ತೃಪ್ತರಾಗದವರು ಹದಿನಾಲ್ಕು ಕಿಲೋಮೀಟರ್ ಆಚೆಯ ಹರಿಹರಕ್ಕೆ ಹೋಗಿ, ಊರ ಬೆಳಕು ದಾಟಿದ ತುಂಗಭದ್ರೆಯ ದಂಡೆಯಲ್ಲಿ ಕೂರಬಹುದು. ಹೊಳೆಯ ಬದಿಗೆ ಬೆಳಗಿನ ಜಾವ ಮಂಜು ಕವಿಯುವ ಅಪಾಯವಿದೆ. ಕೊಂಡಜ್ಜಿಯ ಕೆರೆ, ಗುಡ್ಡದ ಕಡೆ ಕತ್ತಲು ಇನ್ನೂ ಚೆನ್ನ. ಅಂಥಲ್ಲಿ ಗಂಟೆಗೆ ಐವತ್ತು ಅರವತ್ತು ಎಣಿಸಿದರೂ ಆಶ್ಚರ್ಯವಿಲ್ಲ. ಆದರೆ ಅದು ಗಾಡಿ ಕಟ್ಟಿಕೊಂಡು ಹೋಗುವ ಪ್ರವಾಸ. ವಯಸ್ಸಾದವರು, ಮರುದಿನ ಪರೀಕ್ಷೆಯಿರುವ ಮಕ್ಕಳು ಮನೆಯಲ್ಲೇ ಉಳಿಯುತ್ತಾರೆ. ಹಿತ್ತಲಾದರೆ ನಿದ್ದೆ ಬಾರದ ಅಜ್ಜ ಮೂರು ಗಂಟೆಗೆ ಎದ್ದು ಬಾಗಿಲು ತೆರೆದರೂ ಸಾಕು. ಡಿಸೆಂಬರ್ 16ರ ಸುಮಾರಿಗೆ ಧನುರ್ಮಾಸ ಹಿಡಿದರೆ ಹೇಗೂ ಕತ್ತಲಲ್ಲೇ ಎದ್ದು ಸ್ನಾನ ಮಾಡುವ ಮನೆಗಳಿವೆ. ಅವರು ಎರಡು ದಿನ ಮುಂಚೆ ಶುರು ಮಾಡಿದರಾಯಿತು.

ತೊಂದರೆಯೆಂದರೆ ಹಿತ್ತಲುಗಳೇ ಕರಗುತ್ತಿವೆ. ತೆಂಗು, ಕರಿಬೇವು, ಬಟ್ಟೆ ಒಗೆಯುವ ಕಲ್ಲು ಇದ್ದ ಜಾಗಕ್ಕೆ ಕಾರು ನಿಲ್ಲಿಸುವ ಕಾಂಕ್ರೀಟು ಬರುತ್ತದೆ. ಒಂದಂತಸ್ತಿನ ಮನೆ ಹೋಗಿ ಮೂರಂತಸ್ತು ಏಳುತ್ತದೆ. ಈಶಾನ್ಯಕ್ಕೆ ಮೂವತ್ತು ಅಡಿ ದೂರದಲ್ಲಿ ಮೂವತ್ತು ಅಡಿಯ ಗೋಡೆ ಎದ್ದರೆ, ಏಳೂಮುಕ್ಕಾಲಕ್ಕೆ ಹುಟ್ಟಿದ ಮೂಲಬಿಂದು ಅದರ ನೆತ್ತಿ ದಾಟಿ ಹಿತ್ತಲಿಗೆ ಕಾಣುವಾಗ ಹನ್ನೊಂದೂವರೆ. ತಾರಸಿಯಿದೆಯಲ್ಲ ಎನ್ನಬಹುದು. ಬಾಡಿಗೆಯವರಿಗೆ ತಾರಸಿಯ ಬೀಗದ ಕೈ ಸಿಗುವುದು ಅಷ್ಟು ಸುಲಭವಲ್ಲ. ಮಂಡಿನೋವಿನ ಅಜ್ಜಿಗಂತೂ ಆ ಮೆಟ್ಟಿಲುಗಳು ಹಿಮಾಲಯ.

ಚಂದ್ರನದೂ ಒಂದು ಮಾತಿದೆ. 2023ರಲ್ಲಿ ಅಮಾವಾಸ್ಯೆಯ ಬೆನ್ನಿಗೇ ಬಂದ ಉಲ್ಕಾವರ್ಷಕ್ಕೆ ಕತ್ತಲು ತುಂಬಿ ಒದಗಿತು. 2024ರಲ್ಲಿ ಹುಣ್ಣಿಮೆಯ ಬೆಳದಿಂಗಳು ಅದನ್ನು ಬಹುಪಾಲು ನುಂಗಿತು. 2026ರ ಡಿಸೆಂಬರ್ 13, 14ರ ರಾತ್ರಿ ಎಳೆಯ ಚಂದ್ರ ಹನ್ನೊಂದರೊಳಗೆ ಮುಳುಗುತ್ತಾನೆ. ಅಲ್ಲಿಂದ ಬೆಳಗಿನ ಐದರವರೆಗೆ ಆಕಾಶ ಉಲ್ಕೆಗಳದೇ, ಗೇಟಿನ ಬಲ್ಬನ್ನು ಆರಿಸಲು ಪಕ್ಕದ ಮನೆಯವರು ಒಪ್ಪಿದರೆ.