ದಿನದ ಓಟದ ಬೂಟು

ಸುರೇಬಾನದಿಂದ ಶಬರಿಕೊಳ್ಳದ ಕಡೆಗೆ ಓಡುವವನಿಗೆ ನೆಲ ಒಂದೇ ಥರ ಸಿಗುವುದಿಲ್ಲ. ಊರು ದಾಟುವವರೆಗೆ ಗಟ್ಟಿ ಡಾಂಬರು, ಆಚೆ ಹೊಲದ ದಂಡೆಗೆ ಎರಿ ಮಣ್ಣು, ಗುಡ್ಡ ಹತ್ತಿರವಾದಂತೆ ಹರಳು. ಬೂಟು ಆರಿಸುವಾಗ ನನ್ನ ಕಣ್ಣ ಮುಂದೆ ಇರುವುದು ಈ ದಾರಿಯೇ.

ಆರಿಸುವುದೂ ನನಗೆ ಓಡಿದಷ್ಟೇ ಖುಷಿ. ಅಂಗಡಿಗೆ ಹೋಗುವುದು ಸಂಜೆಗೆ. ದಿನವೆಲ್ಲ ನಿಂತು ನಡೆದ ಪಾದ ಆಗ ಕೊಂಚ ಉಬ್ಬಿರುತ್ತದೆ, ಓಡುವಾಗಲೂ ಹಾಗೆಯೇ ಉಬ್ಬುತ್ತದೆ. ಓಟದ ಕಾಲುಚೀಲವನ್ನೇ ಹಾಕಿ, ಎದ್ದು ನಿಂತು, ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಿನಗಲ ಜಾಗ ಇದೆಯೇ ಎಂದು ಒತ್ತಿ ನೋಡುತ್ತೇನೆ. ಎರಡೂ ಕಾಲಿಗೆ ನೋಡಬೇಕು. ಎರಡು ಪಾದ ಪೂರಾ ಒಂದೇ ಅಳತೆ ಇರುವುದು ಅಪರೂಪ. ಹಿಮ್ಮಡ ಅಲುಗಬಾರದು, ಬೆರಳು ಇಕ್ಕಟ್ಟಾಗಬಾರದು. ಚಿಕ್ಕಂದಿನಿಂದ ಬರಿಗಾಲಲ್ಲಿ ಅಡ್ಡಾಡಿದವರ ಪಾದ ಮುಂದೆ ಅಗಲವಾಗಿರುತ್ತದೆ. ಹಾಗಾಗಿ ಅಗಲದ ಅಳತೆ ಸಿಕ್ಕರೆ ನಾನು ಬಿಡುವುದಿಲ್ಲ.

ಇನ್ನು ಅಟ್ಟೆ. ಓಡುವಾಗ ಒಂದೊಂದು ಹೆಜ್ಜೆಗೂ ಮೈತೂಕದ ಎರಡು-ಮೂರು ಪಟ್ಟು ಭಾರ ಕಾಲಿನ ಮೇಲೆ ಬೀಳುತ್ತದೆ. ಅದರಲ್ಲಿ ಪಾಲು ಹೊರುವುದು ರಬ್ಬರಿಗೂ ಪಾದಕ್ಕೂ ನಡುವಿನ ಫೋಮ್. 1970ರ ದಶಕದಲ್ಲಿ ಓಟದ ಬೂಟಿಗೆ ಬಂದ ಇವಿಎ ಫೋಮ್ ಈಗಲೂ ಚಾಲ್ತಿಯಲ್ಲಿದೆ. ಅದರ ತುಂಬ ಸಣ್ಣ ಗುಳ್ಳೆಗಳು. ಭಾರ ಬಿದ್ದಾಗ ಕುಗ್ಗಿ, ಕಾಲೆತ್ತಿದಾಗ ಹಿಗ್ಗುತ್ತವೆ. 2013ರಲ್ಲಿ ಅಡಿಡಾಸ್ ಕಂಪನಿ ಟಿಪಿಯು ಎಂಬ ಪ್ಲಾಸ್ಟಿಕ್ಕಿನ ಕಾಳುಗಳನ್ನು ಬೆಸೆದು ಬೂಸ್ಟ್ ಎಂಬ ಫೋಮ್ ತಂದಿತು. 2009ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಹೋಕಾ ಕಂಪನಿಯ ಬೂಟಿಗೆ ದಪ್ಪ ಅಟ್ಟೆಯೇ ಗುರುತು. ಆದರೆ ದಪ್ಪಗಿದ್ದದ್ದೆಲ್ಲ ಮೆತ್ತಗಿರುವುದಿಲ್ಲ, ಮೆತ್ತಗಿದ್ದದ್ದೆಲ್ಲ ಓಡಲು ಹಿತವಲ್ಲ. ಅತಿ ಮೆತ್ತನೆಯದು ನಿಂತಾಗ ಸುಖ ಕೊಡುತ್ತದೆ. ಓಡಲು ಶುರು ಮಾಡಿದರೆ ಉತ್ತ ಹೊಲದಲ್ಲಿ ಓಡಿದ ಹಾಗೆ, ಹೆಜ್ಜೆ ಕಿತ್ತಿಡುವುದರಲ್ಲೇ ಮೀನಖಂಡ ಸೋಲುತ್ತದೆ. ಅದಕ್ಕೇ ಅಂಗಡಿಯವರನ್ನು ಕೇಳಿಕೊಂಡು ಹೊರಗೆ ಬೀದಿಯಲ್ಲಿ ನಾಲ್ಕು ಹೆಜ್ಜೆ ಓಡಿ ನೋಡುತ್ತೇನೆ. ಬಣ್ಣ ನೋಡುವುದು ಕಟ್ಟಕಡೆಗೆ.

ಮೆತ್ತನೆಯ ಅಟ್ಟೆಯನ್ನು ಬರೀ ಸುಖದ ಮಾತೆಂದು ತಳ್ಳಿಹಾಕುವಂತಿಲ್ಲ. ಲಕ್ಸೆಂಬರ್ಗಿನ ಸಂಶೋಧಕರು 848 ಓಟಗಾರರನ್ನು ಆರು ತಿಂಗಳು ಗಮನಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಟ್ಟಿ ಅಟ್ಟೆಯವರಿಗೆ ಗಾಯದ ಸಂಭವ ಹೆಚ್ಚು ಕಂಡಿತು. ನನಗೆ ಅಚ್ಚರಿ ತಂದದ್ದು ಇನ್ನೊಂದು: ಮೆತ್ತನೆಯ ಬೂಟಿನ ಲಾಭ ಸ್ಪಷ್ಟವಾಗಿ ಕಂಡದ್ದು ತೂಕ ಕಡಿಮೆ ಇದ್ದವರಲ್ಲಿ. ದಪ್ಪ ಮೈಯವರಿಗೇ ಮೆತ್ತನೆಯ ಬೂಟು ಎಂಬ ಮಾತನ್ನು ನಾನು ಅಂದಿನಿಂದ ಬಿಟ್ಟೆ.

ಮಿಲಿಟರಿ, ಪೊಲೀಸ್ ಭರ್ತಿಗೆ ತಯಾರಾಗುವ ಹುಡುಗರು ನಸುಕಿನಲ್ಲಿ ಸಿಗುತ್ತಾರೆ. 1600 ಮೀಟರ್ ಅವರ ಗುರಿ. "ಕಾಕಾ, ತುಟ್ಟೀದ ತಗೊಂಡ್ರ ಜೋರ ಓಡಾಕ ಬರತೈತೇನ್ರಿ?" ಎಂದು ಒಬ್ಬ ಕೇಳಿದ. "ದಿನಾ ಓಡಾಕ ಬೇಕಲ್ಲಾ ತಮ್ಮಾ, ಕಾಲಿಗೆ ಹಿತ ಆಗೂದ ತಗೋ" ಎಂದೆ. ಜೋರು ಓಟ ಅವರಿಗೆ ಬೇಕೇ ಬೇಕು. ಆದರೆ ಮೊಣಕಾಲು ಕೆಡಿಸಿಕೊಳ್ಳದೆ ನಾಳೆಯೂ ಎದ್ದು ಬರಬೇಕಲ್ಲ! ತಯಾರಿಯಲ್ಲಿ ನಿಧಾನದ ಓಟಗಳೇ ಹೆಚ್ಚು. ಮೆತ್ತನೆಯ ಬೂಟು ಆ ದಿನಗಳಿಗೆ.

ಮಳೆಗಾಲದಲ್ಲಿ ಎರಿ ಅಂಟಿ ಬೂಟು ಎತ್ತಲಾರದಷ್ಟು ಭಾರವಾಗುತ್ತದೆ. ಆಗ ನಾನು ಡಾಂಬರು ಬಿಟ್ಟು ಇಳಿಯುವುದಿಲ್ಲ. ನೆನೆದದ್ದನ್ನು ಒಳಪದರ ತೆಗೆದು ನೆರಳಿನಲ್ಲೇ ಒಣಗಿಸಬೇಕು. ಸುಡುಬಿಸಿಲು ಅಂಟನ್ನೂ ಫೋಮನ್ನೂ ಕೆಡಿಸುತ್ತದೆ. ಒಂದು ಜೊತೆಯ ಬಾಳಿಕೆ ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರ್. ಮೇಲೆ ಹರಿದಿರುವುದಿಲ್ಲ, ರಬ್ಬರೂ ಗಟ್ಟಿ ಇರುತ್ತದೆ, ಆದರೂ ಒಳಗೆ ಫೋಮ್ ಸೋತಿರುತ್ತದೆ. ಬದಿಯ ಸುಕ್ಕು ನೋಡಿದರೆ ತಿಳಿಯುತ್ತದೆ. ಹೊಸದನ್ನು ಕೊಳ್ಳಲು ಹೋಗುವಾಗ ಹಳೆಯದನ್ನೂ ಚೀಲದಲ್ಲಿ ಹಾಕಿಕೊಳ್ಳುತ್ತೇನೆ. ಹಿಮ್ಮಡದ ಹೊರಬದಿ ಎಷ್ಟು ಸವೆದಿದೆ, ಬೆರಳಿನ ಕೆಳಗೆ ಎಷ್ಟು ಎಂದು ಅಂಗಡಿಯವರಿಗೆ ತೋರಿಸಿದ ಮೇಲೆಯೇ ಮುಂದಿನ ಮಾತು.