ಕಡಲಮೇಲಣ ದೂತ

ನಮ್ಮ ತಂಗಿಯ ಮಗನು ನೌಕಾದಳದಲ್ಲಿದ್ದಾನೆಂದು ಹೇಳಿದೊಡನೆ ಎಲ್ಲರೂ ಕೇಳುವ ಮೊದಲನೆಯ ಪ್ರಶ್ನೆ, 'ತೋಪು ಹಾರಿಸುತ್ತಾನೆಯೆ?' ಎಂಬುದು. ಇಲ್ಲ, ಹಡಗಿನ ಕಂಪ್ಯೂಟರುಗಳನ್ನೂ ಸಂದೇಶಯಂತ್ರಗಳನ್ನೂ ನೋಡಿಕೊಳ್ಳುತ್ತಾನೆ ಎಂದರೆ ಕೇಳಿದವರ ಮುಖದಲ್ಲಿ ಒಂದು ಬಗೆಯ ನಿರಾಶೆ ಮೂಡುವುದು. 'ಬೆಂಗಳೂರಿನಲ್ಲಿ ಮಾಡುವ ಕೆಲಸವೇ ತಾನೆ? ಅದಕ್ಕಾಗಿ ಸಮುದ್ರಕ್ಕೆ ಏಕೆ ಹೋಗಬೇಕಾಗಿತ್ತು?' ಎನ್ನುವರು. ನಮ್ಮ ತಂಗಿಯ ಮನಸ್ಸಿನಲ್ಲಿಯೂ ಇದೇ ಪ್ರಶ್ನೆ ಹದಿನಾಲ್ಕು ವರ್ಷಗಳಿಂದ ಬೇರೂರಿ ಕುಳಿತಿದೆ. ಬರುವ ವರ್ಷಕ್ಕೆ ಅವನ ಹದಿನೈದು ವರ್ಷಗಳ ಸೇವೆಯ ಕರಾರು ತೀರುತ್ತದೆ, ಪಿಂಚಣಿಗೂ ಅರ್ಹನಾಗುತ್ತಾನೆ. ಇನ್ನು ಮನೆಗೆ ಬಂದುಬಿಡಲಿ ಎಂದು ಅವಳ ಹಟ. ಇನ್ನೂ ಕೆಲವು ಕಾಲ ಇರುವೆನೆಂದು ಅವನ ಆಸೆ. ನಡುವೆ ನ್ಯಾಯ ಹೇಳಲು ನಾವು.

ಹುಡುಗನು ಪಿ.ಯು.ಸಿ. ಮುಗಿಸಿದ ವರ್ಷವೇ ಹೊರಟುಹೋದನು. ಮೊದಲು ಒಡಿಶಾದಲ್ಲಿ ಚಿಲಿಕಾ ಸರೋವರದ ದಂಡೆಯ ಶಿಕ್ಷಣಶಾಲೆ. ಬಳಿಕ ಗುಜರಾತಿನ ಜಾಮನಗರದ ವಲ್ಸುರಾ. ಈ ವಲ್ಸುರಾ 1942ರಲ್ಲಿ ಟಾರ್ಪೀಡೋ ವಿದ್ಯೆಯ ಶಾಲೆಯಾಗಿ ಆರಂಭವಾದುದು. ಈಗ ನೌಕಾದಳದ ವಿದ್ಯುದ್ವಿದ್ಯೆಗೆಲ್ಲ ಅದೇ ಗುರುಕುಲ. ನೆಲದ ಮೇಲೆ ಕಟ್ಟಿದ ಶಾಲೆಗೂ ಹಡಗಿನಂತೆಯೇ ಹೆಸರಿಡುವುದು ಇವರ ಸಂಪ್ರದಾಯ. ಗೇಟು ದಾಟಿ ಪೇಟೆಗೆ ಹೋದವನನ್ನು 'ದಡಕ್ಕೆ ಹೋಗಿದ್ದಾನೆ' ಎನ್ನುವರಂತೆ! ವ್ಯಾಕರಣವನ್ನು ಕಲಿಸಿ ತಲೆ ನರೆತ ನಮಗೆ ಈ ಲಕ್ಷಣಾವೃತ್ತಿಯು ಬಹಳ ಹಿಡಿಸಿತು.

ಕಳೆದ ಕಾರ್ತಿಕದಲ್ಲಿ ರಜೆಗೆ ಬಂದಾಗ ನಾವು ಅವನನ್ನು ಜಗಲಿಯಲ್ಲಿ ಕುಳ್ಳಿರಿಸಿಕೊಂಡು, ನಿನ್ನ ಕೆಲಸವೆಂದರೇನು, ಅದನ್ನು ನಿನ್ನ ತಾಯಿಗೆ ತಿಳಿಯುವಂತೆ ಹೇಳು ಎಂದೆವು. ಅವನು ಹೇಳಿದುದರಲ್ಲಿ ಹೇಳಬಾರದುದು ಯಾವುದೂ ಇರಲಿಲ್ಲ. ಆ ವಿಷಯದಲ್ಲಿ ಅವನು ಕೃಪಣ. ಹಡಗೆಂಬುದು ಉಕ್ಕಿನ ಒಂದು ಊರು. ಅದರ ಕೋಣೆಕೋಣೆಗೂ ತಂತಿ ಹರಿದಿರುತ್ತದೆ. ಆದರೆ ಪ್ರತಿಯೊಂದು ಗೋಡೆಯೂ ನೀರನ್ನು ತಡೆಯಲೆಂದು ಕಟ್ಟಿದುದಾದ್ದರಿಂದ, ತಂತಿ ತೂರಿಹೋಗುವ ಒಂದೊಂದು ರಂಧ್ರವನ್ನೂ ಬಿಗಿಯಾಗಿ ಮುಚ್ಚಬೇಕು. ಅಲ್ಲಿ ಸೋಮಾರಿತನ ಮಾಡಿದರೆ, ಒಂದು ಕೋಣೆಗೆ ನುಗ್ಗಿದ ನೀರು ಮತ್ತೊಂದಕ್ಕೂ ಹೋಗುವುದು. ಉಪ್ಪುಗಾಳಿಯು ತಾಮ್ರವನ್ನು ತಿನ್ನುತ್ತದೆ. ಯಂತ್ರಗಳು ಅಲುಗಾಟಕ್ಕೆ ಸಡಿಲವಾಗುತ್ತವೆ. ಅವುಗಳನ್ನಿಟ್ಟ ಕೋಣೆ ಚಳಿಗೆ ನಡುಗಿಸುವಷ್ಟು ತಣ್ಣಗೆ. ಹೊರಗಿನ ಓಣಿ ಬಚ್ಚಲೊಲೆಯ ಮುಂದೆ ಕುಳಿತಷ್ಟು ಬಿಸಿ. ಹಡಗು ಎಷ್ಟೇ ಹೊಯ್ದಾಡಲಿ, ಮೇಲಿನ ತಟ್ಟೆಯಾಕಾರದ ಏರಿಯಲ್ಲು ಆಕಾಶದ ಉಪಗ್ರಹದ ಕಡೆಗೇ ಮುಖಮಾಡಿರಬೇಕು. ಅದನ್ನು ಕ್ಷಣಕ್ಷಣಕ್ಕೂ ತಿರುಗಿಸುತ್ತಿರುವ ಯಂತ್ರವೊಂದುಂಟು, ಆ ಯಂತ್ರ ಮುನಿಯದಂತೆ ನೋಡಿಕೊಳ್ಳುವವನೊಬ್ಬನುಂಟು. ನಡುಗಡಲಿನಲ್ಲಿ ಒಂದು ಬಿಡಿಭಾಗ ಕೆಟ್ಟರೆ ಅಂಗಡಿ ಎಲ್ಲಿಯದು? ಇದ್ದುದರಲ್ಲಿಯೇ ಸಾಗಿಸಬೇಕು. ನಮ್ಮ ಗೃಹಿಣಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ.

'ಎಲ್ಲವೂ ಸರಿಯಾಗಿದ್ದರೆ ನಾವು ಇದ್ದೇವೆಂದು ಯಾರಿಗೂ ನೆನಪಿರುವುದಿಲ್ಲ, ಮಾವ. ಪರದೆ ಕಪ್ಪಾದರೆ ಮಾತ್ರ ಹಡಗಿಗೆ ಹಡಗೇ ನಮ್ಮ ಹೆಸರು ಕೂಗುತ್ತದೆ' ಎಂದು ನಕ್ಕನು.

ತಂಗಿ ನಗಲಿಲ್ಲ. 'ಊರಿಗೆಲ್ಲ ಸುದ್ದಿ ಮುಟ್ಟಿಸುವುದೇ ನಿನ್ನ ಕೆಲಸ. ಹೆತ್ತವಳಿಗೆ ಮಾತ್ರ ಒಂದು ಫೋನು ಮಾಡಲಾರೆ' ಎಂದಳು. ಹೊಡೆತ ಬಲವಾದುದೇ. ಹಡಗು ಹೊರಟಿತೆಂದರೆ ವಾರಗಟ್ಟಲೆ ಇವನ ದನಿಯಿಲ್ಲ. 2019ರ ಡಿಸೆಂಬರಿನಲ್ಲಿ, ಕೆಲವು ನಾವಿಕರು ಫೇಸ್‌ಬುಕ್ಕಿನ ಸ್ನೇಹದ ಬಲೆಗೆ ಬಿದ್ದು ಹಡಗುಗಳ ಸಂಚಾರವನ್ನು ಹೊರಗೆ ತಿಳಿಸಿದರೆಂಬ ಆರೋಪದ ಮೇಲೆ ಬಂಧಿತರಾದರು. ಅದರ ಬೆನ್ನಿಗೇ ಹಡಗುಗಳಲ್ಲಿಯೂ ನೆಲೆಗಳಲ್ಲಿಯೂ ಸ್ಮಾರ್ಟ್‌ಫೋನು ನಿಷಿದ್ಧವೆಂದು ಆಜ್ಞೆ ಹೊರಟಿತು. ಆ ಆಜ್ಞೆ ಯುಕ್ತವೆಂದೇ ನಮ್ಮ ಮತ. ಆದರೆ ಆ ದಿನಗಳಲ್ಲಿ ತಂಗಿಯು ಫೋನನ್ನು ಸೆರಗಿನಲ್ಲಿ ಕಟ್ಟಿಕೊಂಡೇ ಅಡಿಗೆ ಮಾಡುತ್ತಿದ್ದುದನ್ನೂ ನಾವು ಕಂಡವರು.

ಇದರಲ್ಲಿ ಒಂದು ವಿನೋದವುಂಟು. ನಾವಿರುವುದು ಹಾಸನದಲ್ಲಿ. ಇಲ್ಲಿಯ ಸಾಲಗಾಮೆ ರಸ್ತೆಯಲ್ಲಿ ಇಸ್ರೋ ಸಂಸ್ಥೆಯ ಉಪಗ್ರಹ ನಿಯಂತ್ರಣ ಕೇಂದ್ರವಿದೆ. ಅದರ ಬಿಳಿಯ ತಟ್ಟೆಗಳನ್ನು ನೋಡುತ್ತ ನಾವು ಎಷ್ಟೋ ಸಂಜೆ ವಾಯುಸೇವನೆಗೆ ಹೋದದ್ದುಂಟು. ನೌಕಾದಳದ ಬಳಕೆಗೆಂದೇ ಮಾಡಿದ ಜಿಸ್ಯಾಟ್-7 ಎಂಬ ಉಪಗ್ರಹವು 2013ರ ಆಗಸ್ಟಿನಲ್ಲಿ ದಕ್ಷಿಣ ಅಮೇರಿಕದ ಫ್ರೆಂಚ್ ಗಯಾನಾದಿಂದ ಮೇಲೇರಿದಾಗ, ಅದರ ಲಗಾಮನ್ನು ಹಿಡಿದುದು ಈ ಕೇಂದ್ರವೇ. ಅದಕ್ಕೆ 'ರುಕ್ಮಿಣಿ' ಎಂಬ ಹೆಸರು ಬಳಕೆಗೆ ಬಂದಿತು. ಹೆಸರನ್ನು ಆರಿಸಿದವರು ಭಾಗವತವನ್ನು ಬಲ್ಲವರಿರಬೇಕೆಂದು ನಮ್ಮ ಊಹೆ; ಶಿಶುಪಾಲನಿಗೆ ಕೊಡಲಿದ್ದಾರೆಂದು ತಿಳಿದು, ಬ್ರಾಹ್ಮಣನೊಬ್ಬನ ಕೈಯಲ್ಲಿ ದ್ವಾರಕೆಗೆ ರಹಸ್ಯಸಂದೇಶ ಕಳುಹಿಸಿದವಳು ಅವಳಲ್ಲವೆ? 2025ರ ನವೆಂಬರ್ 2ರಂದು ನೌಕಾದಳಕ್ಕಾಗಿ ಸಿಎಂಎಸ್-03 ಎಂಬ ಇನ್ನೂ ಭಾರವಾದ ಉಪಗ್ರಹವು, ಸುಮಾರು 4,400 ಕಿಲೋಗ್ರಾಂ ತೂಕದ್ದು, ಶ್ರೀಹರಿಕೋಟೆಯಿಂದ ನಮ್ಮದೇ ರಾಕೆಟ್ಟಿನಲ್ಲಿ ಹೋಯಿತು. ಜಲಾಂತರ್ಗಾಮಿಗಳ ರೀತಿಯೇ ಬೇರೆ. ಸಾಮಾನ್ಯವಾದ ನಿಸ್ತಂತು ಅಲೆ ಉಪ್ಪುನೀರಿನಲ್ಲಿ ಇಳಿಯಲಾರದು. ಬಹಳ ನೀಳವಾದ ಅಲೆ ಮಾತ್ರ ಕೆಲವು ಮೀಟರುಗಳಷ್ಟು ಆಳಕ್ಕೆ ಹೋಗುವುದು. ಅದಕ್ಕಾಗಿ ತಮಿಳುನಾಡಿನ ತಿರುನೆಲ್ವೇಲಿ ಸೀಮೆಯಲ್ಲಿ ಕಟ್ಟಬೊಮ್ಮನ್ ಎಂಬ ನೆಲೆ 1990ರಿಂದ ಇದೆ. ಕೆಳಗಿರುವವರು ಕೇಳಬಹುದು, ಮರುಮಾತಾಡುವಂತಿಲ್ಲ. ಇದನ್ನು ಕೇಳಿ ತಂಗಿ, 'ಸದ್ಯ, ಇವನು ಅದರಲ್ಲಿಲ್ಲ' ಎಂದಳು.

ಮಾತು ಮುಂದುವರಿದು ನಾವು 1971ರ ಕಥೆಯನ್ನು ತೆಗೆದೆವು. ಆ ಯುದ್ಧದಲ್ಲಿ ಪಾಕಿಸ್ತಾನದ ಘಾಜಿ ಎಂಬ ಜಲಾಂತರ್ಗಾಮಿಯು ನಮ್ಮ ವಿಮಾನವಾಹಕವಾದ ವಿಕ್ರಾಂತವನ್ನು ಅರಸಿಕೊಂಡು ಬಂಗಾಳ ಕೊಲ್ಲಿಗೆ ಬಂದಿತು. ವಿಕ್ರಾಂತವನ್ನು ಅಂಡಮಾನಿನ ಕಡೆಗೆ ಮರೆಗೊಳಿಸಿದ್ದರು. ಪೂರ್ವದ ನೌಕಾಧಿಪತಿಗಳಾಗಿದ್ದ ವೈಸ್ ಅಡ್ಮಿರಲ್ ಕೃಷ್ಣನ್ ಅವರು ರಾಜಪುತ್ ಎಂಬ ಹಳೆಯ ಹಡಗಿಗೆ ವಿಕ್ರಾಂತದ ವೇಷ ಹಾಕಿಸಿದರು. ವೇಷವೆಂದರೆ ಬಣ್ಣದ್ದಲ್ಲ, ದನಿಯದು. ದೊಡ್ಡ ಹಡಗೊಂದು ವಿಶಾಖಪಟ್ಟಣದ ಬಳಿ ಇದೆಯೆಂದು ತೋರುವಂತೆ ಅದು ನಿಸ್ತಂತುವಿನಲ್ಲಿ ಧಾರಾಳವಾಗಿ ಮಾತಾಡಿತು. ಅದರ ಜೊತೆಗೆ ಗುಪ್ತಲಿಪಿಯಿಲ್ಲದ ಒಂದು ಸಾಧಾರಣ ಸಂದೇಶವನ್ನೂ ಹೊರಡಿಸಿದರು: ವಿಕ್ರಾಂತದ ನಾವಿಕನೊಬ್ಬನು ಕಾಯಿಲೆ ಬಿದ್ದ ತಾಯಿಯ ಯೋಗಕ್ಷೇಮವನ್ನು ವಿಚಾರಿಸುತ್ತಿರುವಂತೆ. ಡಿಸೆಂಬರ್ 3ರ ನಡುರಾತ್ರಿಯ ಹೊತ್ತಿಗೆ ಘಾಜಿ ವಿಶಾಖಪಟ್ಟಣದ ಬಳಿಯಲ್ಲಿಯೇ ಮುಳುಗಿತು. ಮುಳುಗಿದ ಬಗೆಯನ್ನು ಎರಡು ದೇಶದವರೂ ಬೇರೆಬೇರೆಯಾಗಿ ಹೇಳುತ್ತಾರೆ. ಒಳಗಿದ್ದವರಲ್ಲಿ ಒಬ್ಬರೂ ಉಳಿಯಲಿಲ್ಲ.

ಸುದ್ದಿಯ ಕೆಲಸ ಎಷ್ಟು ದೊಡ್ಡದೆಂದು ತೋರಿಸಲು ನಾವು ಇದನ್ನು ಹೇಳಿದ್ದು. ತಂಗಿಯು ಹೂ ಕಟ್ಟುತ್ತಿದ್ದವಳು ಕೈ ನಿಲ್ಲಿಸಿ, 'ಆ ತಾಯಿಗೆ ನಿಜವಾಗಿಯೂ ಕಾಯಿಲೆಯಾಗಿತ್ತೆ, ಅಣ್ಣ?' ಎಂದು ಕೇಳಿದಳು. ಶತ್ರುವಿನ ಕಿವಿಗೆಂದು ಹೆಣೆದ ಸುದ್ದಿ ಎಂದೆವು. ಸ್ವಲ್ಪ ಹೊತ್ತು ಬಿಟ್ಟು, 'ಮುಳುಗಿದವರ ತಾಯಂದಿರು ಮಾತ್ರ ನಿಜವಾದವರು' ಎಂದಳು. ನಾವು ಕಟ್ಟಿಕೊಂಡು ಬಂದ ವಾದವೆಲ್ಲ ಅಲ್ಲಿಗೆ ನಿಂತಿತು.

ಆಗ ಹುಡುಗನೇ ಬಾಯಿಬಿಟ್ಟನು. 'ಅಮ್ಮ, ಬೆಂಗಳೂರಿನಲ್ಲಿ ನನ್ನ ಕೆಲಸ ಕೆಟ್ಟರೆ ಎಲ್ಲಿಯೋ ಇರುವ ಯಾರದೋ ಲೆಕ್ಕ ತಡವಾಗುತ್ತದೆ. ಇಲ್ಲಿ ಕೆಟ್ಟರೆ ನನ್ನ ಮೇಲಿನ ಮಂಚದಲ್ಲಿ ಮಲಗುವ ಹುಡುಗನಿಗೆ ತೊಂದರೆ. ಅವನಿಗೂ ಮನೆಯಲ್ಲಿ ತಾಯಿಯಿದ್ದಾಳೆ. ಹೊಸದಾಗಿ ಬಂದವರಿಗೆ ಇನ್ನೂ ಕೈ ಕುದುರಿಲ್ಲ. ಅವರಿಗೆ ಕಲಿಸಿಕೊಟ್ಟು ಬರುತ್ತೇನೆ' ಎಂದನು. ಕಲಿಸುವ ಮಾತು ಬಂದರೆ ಮೇಷ್ಟರಾಗಿದ್ದ ನಾವು ಯಾರ ಪಕ್ಷವೆಂದು ಹೇಳಬೇಕೆ? ಒಳಗಿನಿಂದ ಅವನ ಹೆಂಡತಿಯು, ಮಗು ಒಂದನೆಯ ತರಗತಿಗೆ ಸೇರುವ ಹೊತ್ತಿಗೆ ಮನೆಯಲ್ಲಿರಬೇಕು, ಅದಕ್ಕಿಂತ ಒಂದು ದಿನವೂ ಹೆಚ್ಚಲ್ಲ ಎಂದಳು. ಮಗುವಿಗೆ ಈಗ ಮೂರು ವರ್ಷ. ನಮ್ಮೆಲ್ಲರ ಶಾಸ್ತ್ರಕ್ಕಿಂತ ಈ ಗಣಿತವೇ ನೇರವಾಗಿತ್ತು. ತಂಗಿಯು ಹೂವಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಒಪ್ಪಿದೆನೆನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ.

ಅವನು ರಜೆ ಮುಗಿಸಿ ಹೋದ ಮೂರು ವಾರದ ಮೇಲೆ ಅವಳೇ ಕಾಗದ ತಂದು ನಮ್ಮ ಮುಂದಿಟ್ಟು, 'ಬರಿ, ಅಣ್ಣ. ಸೊಸೆ ಹೇಳಿದ ಲೆಕ್ಕದಂತೆ ಇರಲಿ ಎಂದು ಬರಿ' ಎಂದಳು. ಬರೆದೆವು. ಕೊನೆಗೆ ಲೇಖನಿಯನ್ನು ಕಸಿದುಕೊಂಡು, ನಾವು ಓದದಂತೆ ಕೈಯಡ್ಡವಿಟ್ಟು ತಾನೇ ಎರಡು ಸಾಲು ಸೇರಿಸಿದಳು. ಉಪಗ್ರಹಗಳ ಈ ಕಾಲದಲ್ಲಿಯೂ ನಾವಿಕನಿಗೆ ಬರೆಯುವ ಕಾಗದಕ್ಕೆ ಊರಿನ ವಿಳಾಸವಿಲ್ಲ; ಹಡಗಿನ ಹೆಸರು ಬರೆದು ಫ್ಲೀಟ್ ಮೇಲ್ ಆಫೀಸು ಎಂದರೆ ಸಾಕು, ಹಡಗು ಎಲ್ಲಿದ್ದರೂ ಅವರು ಹುಡುಕಿ ಮುಟ್ಟಿಸುತ್ತಾರೆ. ಅಂಚೆಯ ಪೆಟ್ಟಿಗೆಗೆ ಹಾಕಿ ಬಂದು ಇಂದಿಗೆ ಒಂಬತ್ತು ದಿನ.