ಸಿಗ್ನಲ್ 11ರ ಬೆನ್ನು ಹತ್ತಿ

ಲಿನಕ್ಸಿನಲ್ಲಿ ಒಂದು ಆಜ್ಞೆ ಕೊಟ್ಟರೆ ಪೋಸ್ಟ್‌ಗ್ರೆಸ್‌ನ ಸಿದ್ಧ ಪ್ಯಾಕೇಜ್ ಬಂದು ಕೂರುತ್ತದೆ. ನನಗೆ ಅದರಲ್ಲಿ ಸುಖವಿಲ್ಲ. ಸೋರ್ಸ್ ಕೋಡ್ ಇಳಿಸಿಕೊಂಡು, ಕಾನ್ಫಿಗರ್ ಓಡಿಸಿ, ಮೇಕ್ ಕೊಟ್ಟು, ಸಿ ಫೈಲುಗಳ ಹೆಸರು ಪರದೆಯ ಮೇಲೆ ಒಂದೊಂದಾಗಿ ಸರಿಯುವುದನ್ನು ನೋಡುತ್ತಾ ಕೂರುವುದೇ ಇಷ್ಟ. 1986ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಮತ್ತು ಅವರ ತಂಡ ಶುರು ಮಾಡಿದ ಕೆಲಸ ಇದು. 1996ರಲ್ಲಿ ಪೋಸ್ಟ್‌ಗ್ರೆಸ್‌ಕ್ಯುಎಲ್ ಎಂಬ ಹೆಸರು ಪಡೆದು ಎಷ್ಟೋ ದೇಶಗಳವರ ಕೈಯಲ್ಲಿ ಬೆಳೆಯಿತು. ಅದರ ಕೋಡಿನ ನಡುನಡುವೆ ಬರುವ ಟಿಪ್ಪಣಿಗಳಷ್ಟು ಹಸನಾದ ಗದ್ಯವನ್ನು ನಾನು ಬೇರೆ ಸಾಫ್ಟ್‌ವೇರಿನಲ್ಲಿ ಕಂಡಿಲ್ಲ. ಆದರೂ ಆ ಕೋಡು ನನಗೆ ಹತ್ತಿರವಾಗುವುದು ಸುಮ್ಮನೆ ಓದುವಾಗಲ್ಲ, ಅದು ಕ್ರ್ಯಾಶ್ ಆದಾಗ.

ಲಾಗ್ ಫೈಲಿನಲ್ಲಿ ಸಾಲೊಂದು ಬಂದಿರುತ್ತದೆ: ಸರ್ವರ್ ಪ್ರಾಸೆಸ್ ಇಂಥ ಸಿಗ್ನಲ್‌ನಿಂದ ಕೊನೆಗೊಂಡಿತು ಎಂದು. ಅರ್ಧ ಕಥೆ ಆ ಅಂಕಿಯಲ್ಲೇ ಇದೆ. 11 ಎಂದರೆ ತನ್ನದಲ್ಲದ ಮೆಮೊರಿಗೆ ಕೈ ಹಾಕಿದೆ. 6 ಎಂದರೆ ಒಳಗಿನ ತಪಾಸಣೆಯೊಂದು ಸುಳ್ಳಾಗಿ ತಾನೇ ನಿಂತಿದೆ. 9 ಬಂದರೆ ಕೋಡನ್ನು ಬಿಟ್ಟು ಮೊದಲು ಕರ್ನಲ್ ಲಾಗ್ ನೋಡಬೇಕು, ಮೆಮೊರಿ ಸಾಲದೆ ಲಿನಕ್ಸೇ ಕೊಂದಿರುವುದುಂಟು. ನಾವೇ ಕಂಪೈಲ್ ಮಾಡಿದಾಗ ಸಿಗುವ ಅಪರೂಪದ ಅತಿಥಿ 4. ಹೊಸ ಪ್ರಾಸೆಸರಿನ ಮೇಲೆ 'ಈ ಯಂತ್ರಕ್ಕೆ ತಕ್ಕಂತೆ' ಎಂಬ ಆಯ್ಕೆ ಕೊಟ್ಟು ಕಟ್ಟಿದ್ದನ್ನು ಹಳೆಯ ಯಂತ್ರಕ್ಕೆ ಒಯ್ದರೆ, ಅದರ ಪ್ರಾಸೆಸರ್ ತನಗೆ ಗೊತ್ತಿಲ್ಲದ ಸೂಚನೆ ಎದುರಾದ ಕಡೆ ನಿಂತುಬಿಡುತ್ತದೆ.

ಕ್ರ್ಯಾಶ್ ಆದ ಮರುಗಳಿಗೆ ಪೋಸ್ಟ್‌ಗ್ರೆಸ್ ನಡೆದುಕೊಳ್ಳುವ ರೀತಿಗೆ ನಾನು ಮನಸೋತಿದ್ದೇನೆ. ಪ್ರತಿ ಸಂಪರ್ಕಕ್ಕೂ ಅಲ್ಲಿ ಒಂದೊಂದು ಪ್ರಾಸೆಸ್, ಅವನ್ನೆಲ್ಲ ಹುಟ್ಟಿಸುವುದು ಪೋಸ್ಟ್‌ಮಾಸ್ಟರ್. ಒಂದು ಮಗು ಬಿದ್ದರೆ ಪೋಸ್ಟ್‌ಮಾಸ್ಟರ್ ಉಳಿದ ಮಕ್ಕಳ ಕೆಲಸವನ್ನೂ ಅಲ್ಲಿಗೇ ನಿಲ್ಲಿಸಿಬಿಡುತ್ತದೆ. ಕ್ರೂರ ಅನಿಸಬಹುದು, ಆದರೆ ಎಲ್ಲರೂ ಹಂಚಿಕೊಂಡಿರುವ ಮೆಮೊರಿಯಲ್ಲಿ ಬಿದ್ದವನು ಏನು ಕೆಡಿಸಿದ್ದಾನೋ ಯಾರಿಗೂ ತಿಳಿಯದು. ಆ ಸಂಶಯದ ಮೇಲೆ ಒಂದು ಅಕ್ಷರವನ್ನೂ ಡಿಸ್ಕಿಗೆ ಬರೆಯಲು ಬಿಡದೆ, ಹಂಚಿದ ಮೆಮೊರಿಯನ್ನು ಹೊಸದಾಗಿ ಸಿದ್ಧಪಡಿಸಿ, ಮುಂಚಿತ ದಾಖಲೆಯಾದ ವಾಲ್ ಫೈಲುಗಳನ್ನು ಓದಿ, ಖಚಿತವಾಗಿದ್ದ ವ್ಯವಹಾರಗಳನ್ನೆಲ್ಲ ಮತ್ತೆ ಜೋಡಿಸಿ ಬಾಗಿಲು ತೆರೆಯುತ್ತದೆ. ಸಣ್ಣ ಡೇಟಾಬೇಸ್ ಆದರೆ ಇಷ್ಟೆಲ್ಲ ಕೆಲವು ಕ್ಷಣಗಳ ಮಾತು. ಪೋಸ್ಟ್‌ಮಾಸ್ಟರ್ ಮಾತ್ರ ಹಂಚಿದ ಮೆಮೊರಿಯಿಂದ ಆದಷ್ಟು ದೂರ ಉಳಿಯುವಂತೆ ಬರೆದಿದ್ದಾರೆ, ಮಕ್ಕಳು ಕೆಡಿಸಿದ್ದು ಅದನ್ನು ಬೀಳಿಸಬಾರದು ಎಂದು. ತಪ್ಪು ಉತ್ತರ ಕೊಟ್ಟು ಓಡುತ್ತಲೇ ಇರುವ ಡೇಟಾಬೇಸಿಗಿಂತ ಹೀಗೆ ಬಿದ್ದು ಎದ್ದು ನಿಲ್ಲುವುದನ್ನು ನಾನು ಹೆಚ್ಚು ನಂಬುತ್ತೇನೆ.

ಇನ್ನು ಕೋರ್ ಫೈಲ್. ಬೀಳುವ ಕ್ಷಣದಲ್ಲಿ ಪ್ರಾಸೆಸ್ಸಿನ ಮೆಮೊರಿ ಹೇಗಿತ್ತೋ ಹಾಗೇ ಡಿಸ್ಕಿಗೆ ಇಳಿದಿರುತ್ತದೆ, ಅದಕ್ಕೆ ಮೊದಲೇ ಅನುಮತಿ ಕೊಟ್ಟಿದ್ದರೆ. ಡೀಬಗ್ ಮಾಹಿತಿ ಸೇರಿಸಿ ಕಂಪೈಲ್ ಮಾಡಿದ್ದಕ್ಕೆ ಪ್ರತಿಫಲ ಸಿಗುವುದು ಈಗ. ಜಿಡಿಬಿ ತೆರೆದು ಬಿಟಿ ಎಂದು ಕೊಟ್ಟರೆ ಬ್ಯಾಕ್‌ಟ್ರೇಸ್ ಬಿಚ್ಚಿಕೊಳ್ಳುತ್ತದೆ. ನಾನು ಅದನ್ನು ಕೆಳಗಿನಿಂದ ಓದುತ್ತೇನೆ: ಮೇನ್, ಪೋಸ್ಟ್‌ಮಾಸ್ಟರ್ ಮೇನ್, ಪೋಸ್ಟ್‌ಗ್ರೆಸ್ ಮೇನ್, ಎಕ್ಸೆಕ್ ಸಿಂಪಲ್ ಕ್ವೆರಿ, ಪೋರ್ಟಲ್ ರನ್. ಕ್ವೆರಿ ನಡೆದು ಬಂದ ದಾರಿ ಊರಿನ ಹೆಸರುಗಳ ಸಮೇತ ಕಣ್ಣೆದುರು ಇರುತ್ತದೆ. ಆಪ್ಟಿಮೈಸೇಶನ್ ಹೆಚ್ಚಿದ್ದರೆ ಎಷ್ಟೋ ವೇರಿಯಬಲ್‌ಗಳ ಬೆಲೆ ಅಳಿಸಿಹೋಗಿರುತ್ತದೆ, ಆದ್ದರಿಂದ ಹುಡುಕಾಟಕ್ಕೆಂದು ಆಪ್ಟಿಮೈಸೇಶನ್ ಇಲ್ಲದ ಇನ್ನೊಂದು ಪ್ರತಿ ನನ್ನ ಬಳಿ ಯಾವಾಗಲೂ ಇರುತ್ತದೆ.

ಕೆಲವು ಕ್ರ್ಯಾಶುಗಳಲ್ಲಿ ಸೋರ್ಸಿನ ಯಾವ ಸಾಲೂ ತಪ್ಪಾಗಿರುವುದಿಲ್ಲ. ಕಾನ್ಫಿಗರ್ ಮತ್ತು ಮೇಕ್ ದಾರಿಯಲ್ಲಿ ಕಟ್ಟುವಾಗ ಎನೇಬಲ್ ಡಿಪೆಂಡ್ ಆಯ್ಕೆ ಕೊಡದಿದ್ದರೆ, ಹೆಡರ್ ಫೈಲ್ ಬದಲಾದದ್ದನ್ನು ಮೇಕ್ ಗಮನಿಸುವುದಿಲ್ಲ. ಹೊಸ ಕೋಡ್ ಎಳೆದುಕೊಂಡಾಗ ಒಂದು ಸ್ಟ್ರಕ್ಚರಿಗೆ ಹೊಸ ಅಂಶ ಸೇರಿತು ಎನ್ನಿ. ಬದಲಾದ ಸಿ ಫೈಲುಗಳು ಮಾತ್ರ ಮತ್ತೆ ಕಂಪೈಲ್ ಆಗುತ್ತವೆ, ಉಳಿದವು ಹಳೆಯ ಲೆಕ್ಕದಲ್ಲೇ ಇರುತ್ತವೆ. ಒಗ್ಗರಣೆ ಡಬ್ಬಿಯ ಬಟ್ಟಲುಗಳನ್ನು ಒಬ್ಬರು ಸರಿಸಿಟ್ಟದ್ದು ತಿಳಿಯದೆ ಇನ್ನೊಬ್ಬರು ಸಾಸಿವೆಯೆಂದು ಮೆಂತ್ಯಕ್ಕೆ ಕೈ ಹಾಕಿದ ಹಾಗೆ, ಒಂದು ಫೈಲು ಪಾಯಿಂಟರ್ ಎಂದು ಓದಿದ್ದು ಬರೀ ಎಣಿಕೆಯಾಗಿರುತ್ತದೆ. ಬ್ಯಾಕ್‌ಟ್ರೇಸಿನಲ್ಲಿ ಸಾಲುಗಳೆಲ್ಲ ಸರಿ, ಬೆಲೆಗಳೆಲ್ಲ ಅಸಂಬದ್ಧ. ಹಾಗೆ ಕಂಡ ಕೂಡಲೇ ಮೇಕ್ ಡಿಸ್ಟ್‌ಕ್ಲೀನ್ ಕೊಟ್ಟು ಮೊದಲಿನಿಂದ ಕಟ್ಟಿ ನೋಡುವುದು ಒಳ್ಳೆಯದು.

ನನ್ನ ಮೆಚ್ಚಿನ ಸುಳಿವು ಬೇರೆಯೇ ಇದೆ. ಒಮ್ಮೆ ಕಿರಿಯ ಸಹೋದ್ಯೋಗಿಯೊಬ್ಬರು ತಾವು ಬರೆದ ಎಕ್ಸ್‌ಟೆನ್ಷನ್ ತಂದು, "ಸರ್, ಮೊದಲ ಸಲ ಚೆನ್ನಾಗಿ ಓಡತ್ತೆ, ಎರಡನೇ ಸಲ ಬಿದ್ದೋಗತ್ತೆ" ಅಂದರು. "ಪಾಯಿಂಟರಲ್ಲಿ ಏನಿದೆ, ಓದಿ ಹೇಳಿ" ಅಂದೆ. "7ಎಫ್, 7ಎಫ್, 7ಎಫ್... ಪೂರ್ತಿ ಅದೇ ಇದೆ ಸರ್." ಆ ಉತ್ತರ ಕೇಳಿ ನನಗಾದ ಸಂತೋಷ ಅವರಿಗೆ ಆಗ ಅರ್ಥವಾಗಲಿಲ್ಲ. ಅಸರ್ಷನ್ ತಪಾಸಣೆ ಸೇರಿಸಿ ಕಟ್ಟಿದ ಪೋಸ್ಟ್‌ಗ್ರೆಸ್, ಬಿಟ್ಟುಕೊಟ್ಟ ಮೆಮೊರಿಯನ್ನು 7ಎಫ್ ಎಂಬ ಬೈಟಿನಿಂದ ತುಂಬಿಡುತ್ತದೆ. ಅಲ್ಲಿ ಮೆಮೊರಿಗೆ ಆಯುಸ್ಸು ಕೊಡುವುದು ಅದನ್ನು ಪಡೆದ ಕಾಂಟೆಕ್ಸ್ಟ್: ಕೆಲವು ಒಂದು ಸಾಲಿನ ಡೇಟಾ ಮುಗಿಯುವವರೆಗೆ, ಕೆಲವು ಒಂದು ವ್ಯವಹಾರದವರೆಗೆ, ಕೆಲವು ಸಂಪರ್ಕ ಇರುವಷ್ಟು ಕಾಲ. ಅವರ ಕೋಡು ಅಲ್ಪಾಯುಷಿ ಕಾಂಟೆಕ್ಸ್ಟಿನಲ್ಲಿ ಪಡೆದ ಜಾಗದ ವಿಳಾಸವನ್ನು ಸ್ಟಾಟಿಕ್ ವೇರಿಯಬಲ್‌ನಲ್ಲಿ ಮುಂದಿನ ಸಲಕ್ಕೆಂದು ಇಟ್ಟುಕೊಂಡಿತ್ತು. ಕ್ವೆರಿ ಮುಗಿಯಿತು, ಜಾಗ ಹೋಯಿತು, ವಿಳಾಸ ಉಳಿಯಿತು. ಆ ಹಂಚಿಕೆಯನ್ನು ಟಾಪ್ ಮೆಮೊರಿ ಕಾಂಟೆಕ್ಸ್ಟಿಗೆ ಸರಿಸಿದ್ದೇ ಪರಿಹಾರ.

ಕಾರಣ ಸಿಕ್ಕ ಮೇಲೂ ನಾನು ಬೇಗ ಏಳುವುದಿಲ್ಲ. ಬೀಳಿಸಿದ ಕ್ವೆರಿಯನ್ನು ಕೊರೆಯುತ್ತಾ ಹೋಗುವುದರಲ್ಲಿ ಒಂದು ಹಿತವಿದೆ. ಈ ಜಾಯಿನ್ ತೆಗೆದರೂ ಬೀಳುತ್ತದೆಯೇ? ಈ ಕಾಲಮ್ ಬೇಕೇ? ಟೇಬಲ್ಲಿನಲ್ಲಿ ಎರಡೇ ಸಾಲು ಇದ್ದರೆ ಸಾಕೇ? ಪುಟಗಟ್ಟಲೆ ಇದ್ದದ್ದು ಮೂರು ಸಾಲಿಗೆ ಇಳಿಯುತ್ತದೆ. ಆ ಮೂರು ಸಾಲನ್ನು ರಿಗ್ರೆಶನ್ ಪರೀಕ್ಷೆಗಳ ಎಸ್‌ಕ್ಯುಎಲ್ ಫೋಲ್ಡರಿಗೂ, ಬರಬೇಕಾದ ಉತ್ತರವನ್ನು ಎಕ್ಸ್‌ಪೆಕ್ಟೆಡ್ ಫೋಲ್ಡರಿಗೂ ಸೇರಿಸಿ ಮೇಕ್ ಚೆಕ್ ಓಡಿಸುತ್ತೇನೆ. ಇನ್ನೂರಕ್ಕೂ ಹೆಚ್ಚು ಪರೀಕ್ಷೆಗಳು ಒಂದೊಂದಾಗಿ ಓಕೆ ಎನ್ನುತ್ತಾ ಸಾಗುತ್ತವೆ. ಅವುಗಳಲ್ಲಿ ಎಷ್ಟೋ ಸಾಲುಗಳು ಯಾರೋ ಹಿಂದೆ ಇದೇ ಥರ ಕೊರೆದು ಇಳಿಸಿಟ್ಟವು. ಮೇಲಿರುವ ಟಿಪ್ಪಣಿ ಓದಿದರೆ ಯಾವ ಬಗ್ ಎಂಬುದೂ ತಿಳಿಯುತ್ತದೆ, ನಾನು ಬಿಡುವಾದಾಗ ಆ ಫೈಲುಗಳನ್ನೇ ತೆರೆದು ಓದುತ್ತೇನೆ.